ಅಡ್ವಾನ್ಸ್ ಜಗಳ ಬೇಡವೇ? ಬಾಡಿಗೆ ಮನೆ ಹಿಡಿಯುವುದರಿಂದ ಬಿಡುವವರೆಗೆ ಹಂತ ಹಂತವಾಗಿ

ಮನೆ ಖಾಲಿ ಮಾಡುವಾಗ ಆಗುವ ಜಗಳ ಯಾವಾಗಲೂ ಒಂದೇ ತರಹ. "ಗೋಡೆ ಹಾಳು ಮಾಡಿದ್ದೀರಿ" ಅಂತ ಇವರು, "ನಾವು ಬರುವಾಗಲೇ ಹಾಗಿತ್ತು" ಅಂತ ಅವರು. ಇಬ್ಬರ ಹತ್ತಿರವೂ ಸಾಕ್ಷಿ ಇಲ್ಲ. ಕೊನೆಗೆ ದುಡ್ಡು ಯಾರ ಕೈಯಲ್ಲಿದೆಯೋ ಅವರ ಮಾತೇ ನಡೆಯುತ್ತದೆ.

ನಾನು ಎರಡೂ ಕಡೆ ಕೂತವನು. ಮೊದಲು ಬಾಡಿಗೆಗೆ ಇದ್ದೆ, ಈಗ ಮನೆ ಬಾಡಿಗೆಗೆ ಕೊಟ್ಟಿದ್ದೇನೆ, ಎರಡೂ ಕಡೆ ತಪ್ಪು ಮಾಡಿ ದುಡ್ಡು ಕಳೆದುಕೊಂಡಿದ್ದೇನೆ. ನನಗೆ ತಿಳಿದದ್ದು ಇಷ್ಟು: ಈ ಜಗಳ ಹುಟ್ಟುವುದು ಕೀ ಕೈಗೆ ಬಂದ ದಿನ, ಹೊರಗೆ ಬರುವುದು ಕೀ ವಾಪಸ್ ಕೊಡುವ ದಿನ. ಅದಕ್ಕೇ ಇಲ್ಲಿ ಮೂರನೇ ಹಂತ ಎಲ್ಲಕ್ಕಿಂತ ಉದ್ದ ಇದೆ. ಪೂರ್ತಿ ಓದಲು ಟೈಮ್ ಇಲ್ಲದವರು ಅದೊಂದನ್ನಾದರೂ ಓದಿ.

ನೋಟಿಸ್ ಎಷ್ಟು ದಿನದ್ದು, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಬರಬೇಕು, ಕರಾರು ನೋಂದಣಿ ಆಗಲೇಬೇಕಾ ಅನ್ನುವುದೆಲ್ಲ ಒಂದೊಂದು ಕಡೆ ಒಂದೊಂದು ತರಹ. ಅದನ್ನು ನೀವಿರುವ ಜಾಗದ ಕಾನೂನು ಗೊತ್ತಿರುವವರ ಹತ್ತಿರ ಕೇಳಿಕೊಳ್ಳಿ. ಕೆಳಗೆ ಬರೆದಿರುವುದು ಎಲ್ಲಿದ್ದರೂ ಮಾಡಬಹುದಾದ ಕೆಲಸ.

## ಮೊದಲೇ ಇಟ್ಟುಕೊಳ್ಳಬೇಕಾದ ಸಾಮಾನು

ಜಾಗ ಖಾಲಿ ಇರುವ ಮೊಬೈಲ್, ಟಾರ್ಚ್, ಫೋನ್ ಚಾರ್ಜರ್, ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ, ಅಗಲದ ಟೇಪ್, ಅಡುಗೆಗೆ ಹಾಕುವ ಬಣ್ಣ ಸ್ವಲ್ಪ, ಎರಡು ಪ್ರತಿ ಖಾಲಿ ಪಟ್ಟಿ, ಪೆನ್ನು. ಇಷ್ಟೇ. ಬಣ್ಣ, ಪ್ಲಾಸ್ಟಿಕ್ ಯಾಕೆ ಅಂತ ಮುಂದೆ ಹೇಳುತ್ತೇನೆ.

## ಹಂತ 1: ದುಡ್ಡು ಕೊಡುವ ಮುಂಚೆ

ಮನೆ ನೋಡಿದ ಕೂಡಲೇ ಮನಸ್ಸಿಗೆ ಬಂತು, "ಇನ್ನೂ ಮೂರು ಜನ ನೋಡಿಕೊಂಡು ಹೋಗಿದ್ದಾರೆ, ಈಗಲೇ ಟೋಕನ್ ಕೊಟ್ಟುಬಿಡಿ" ಅಂದರು, ಕೊಟ್ಟುಬಿಟ್ಟಿರಿ. ಜನ ಮೋಸ ಹೋಗುವುದೇ ಇಲ್ಲಿ. ಅವಸರ ಮಾಡುವವರೆಲ್ಲ ಮೋಸಗಾರರಲ್ಲ ನಿಜ, ಆದರೆ ಮೋಸಗಾರರೆಲ್ಲ ಅವಸರ ಮಾಡುತ್ತಾರೆ.

ಮೊದಲು ನೋಡಬೇಕಾದದ್ದು ಮನೆ ಯಾರ ಹೆಸರಲ್ಲಿದೆ ಅನ್ನುವುದು. ಇತ್ತೀಚಿನ ಆಸ್ತಿ ತೆರಿಗೆ ರಸೀದಿ ಅಥವಾ ಕರೆಂಟ್ ಬಿಲ್ ತೋರಿಸಿ ಅಂತ ಕೇಳಿ. ಅದರಲ್ಲಿರುವ ಹೆಸರು, ಮಾತಾಡುತ್ತಿರುವವರ ಗುರುತಿನ ಚೀಟಿಯ ಹೆಸರು, ದುಡ್ಡು ಹೋಗುವ ಬ್ಯಾಂಕ್ ಖಾತೆಯ ಹೆಸರು ಮೂರೂ ಹೊಂದಬೇಕು. ಹೊಂದದಿದ್ದರೆ ಕಾರಣ ಕೇಳಿ. ಅಪ್ಪನ ಹೆಸರಲ್ಲಿದೆ, ಮಗ ನೋಡಿಕೊಳ್ಳುತ್ತಾರೆ ಅನ್ನುವುದು ಸಾಮಾನ್ಯ. ಹಾಗಿದ್ದರೆ ಅಪ್ಪನ ಸಹಿ ಇರುವ ಒಪ್ಪಿಗೆ ಪತ್ರ ಇರಲಿ.

ಮನೆಯ ಒಳಗೆ ಕಾಲಿಡದೆ, ಬೀಗ ತೆಗೆದು ತೋರಿಸದೆ ದುಡ್ಡು ಕೇಳಿದರೆ ಸುಮ್ನೆ ಎದ್ದು ಬನ್ನಿ.

ಓನರ್‌ಗಳಿಗೂ ಒಂದು ಮಾತು. ಬಾಡಿಗೆಗೆ ಬರುವವರ ಗುರುತಿನ ಚೀಟಿ ಎಲ್ಲರೂ ತೆಗೆದುಕೊಳ್ಳುತ್ತಾರೆ, ಹಿಂದಿನ ಮನೆಯ ಓನರ್‌ಗೆ ಒಂದು ಫೋನ್ ಮಾಡುವವರು ಕಡಿಮೆ. ಅದರಲ್ಲೂ ಈಗಿರುವ ಮನೆಯ ಓನರ್‌ಗಿಂತ ಅದಕ್ಕೂ ಹಿಂದಿನವರನ್ನು ಕೇಳಿ. ಈಗಿನವರಿಗೆ ಇವರು ಹೋದರೆ ಸಾಕಾಗಿದ್ದರೆ ಒಳ್ಳೆಯ ಮಾತೇ ಹೇಳುತ್ತಾರೆ, ಅಲ್ವಾ?

## ಹಂತ 2: ಕರಾರಿನಲ್ಲಿ ಏನಿರಬೇಕು

ಬಹಳ ಜನ ಅಂಗಡಿಯಲ್ಲಿ ಟೈಪ್ ಮಾಡಿಟ್ಟ ಹಳೇ ಕರಾರಿನಲ್ಲಿ ಹೆಸರು, ವಿಳಾಸ ಬದಲಿಸಿ ಸಹಿ ಹಾಕುತ್ತಾರೆ. ಅದರಲ್ಲಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಯಾವಾಗಿನಿಂದ ಯಾವಾಗಿನವರೆಗೆ ಅನ್ನುವುದು ಇದ್ದೇ ಇರುತ್ತದೆ. ಜಗಳ ಬರುವುದು ಅದರಲ್ಲಿ ಇಲ್ಲದ ವಿಷಯಕ್ಕೆ. ಹಾಗಾಗಿ ಸಹಿಗೆ ಮುಂಚೆ ಇವಕ್ಕೆ ಉತ್ತರ ಇದೆಯಾ ನೋಡಿ:

- ಅಡ್ವಾನ್ಸ್ ವಾಪಸ್ ಯಾವ ದಿನ? "ಖಾಲಿ ಮಾಡಿದ ಮೇಲೆ" ಅಂತ ಬರೆದರೆ ಅದು ಆರು ತಿಂಗಳೂ ಆಗಬಹುದು. ಇಷ್ಟು ದಿನದೊಳಗೆ ಅಂತ ಅಂಕಿ ಇರಲಿ.
- ಯಾವುದಕ್ಕೆ ಮುರಿದುಕೊಳ್ಳಬಹುದು, ಯಾವುದಕ್ಕೆ ಇಲ್ಲ? ಪೇಂಟಿಂಗ್ ಖರ್ಚು ಹಿಡಿಯುತ್ತೀರಾದರೆ ಎಷ್ಟು, ಹೇಗೆ ಅಂತ ಈಗಲೇ ಬರೆಯಿರಿ.
- ರಿಪೇರಿ ಯಾರದ್ದು? ಬಲ್ಬ್, ನಲ್ಲಿಯ ವಾಷರ್ ತರಹದ್ದು ಇರುವವರದ್ದು, ಪೈಪು, ವೈರಿಂಗ್, ಛಾವಣಿ ಓನರ್‌ದು ಅನ್ನುವುದು ಸಾಮಾನ್ಯ ಹಂಚಿಕೆ. ನಡುವೆ ಬರುವ ಗೀಸರ್, ಮೋಟರ್ ತರಹದ್ದನ್ನು ಹೆಸರು ಹಿಡಿದು ಬರೆಯಿರಿ.
- ನೋಟಿಸ್ ಎಷ್ಟು ದಿನ, ಅದು ಇಬ್ಬರಿಗೂ ಒಂದೇ ತರಹ ಇದೆಯಾ? ಬಾಡಿಗೆದಾರರಿಗೆ ಎರಡು ತಿಂಗಳು, ಓನರ್‌ಗೆ ಹದಿನೈದು ದಿನ ಅಂತ ಇರುವ ಕರಾರು ನೋಡಿದ್ದೇನೆ, ಸಹಿ ಹಾಕಿದವರು ಓದಿರಲೇ ಇಲ್ಲ.
- ಬಾಡಿಗೆ ಏರಿಕೆ ಯಾವಾಗ, ಎಷ್ಟು?
- ಅವಧಿಗೆ ಮುಂಚೆ ಬಿಟ್ಟರೆ ಏನು?
- ಓನರ್ ಮನೆ ನೋಡಲು ಬರಬೇಕಾದರೆ ಎಷ್ಟು ಮುಂಚೆ ಹೇಳಬೇಕು? ಒಂದು ದಿನ ಮುಂಚೆ ಅಂತ ಇಟ್ಟುಕೊಂಡರೆ ಇಬ್ಬರಿಗೂ ಕಷ್ಟವಿಲ್ಲ. ಬೆಂಕಿ, ನೀರು ನುಗ್ಗುವುದು ತರಹದ್ದು ಬೇರೆ ಮಾತು.

ಬಾಯಿ ಮಾತಿನಲ್ಲಿ "ಅದೆಲ್ಲ ಏನೂ ಇಲ್ಲ, ನಾವು ಹಾಗೆಲ್ಲ ಮಾಡಲ್ಲ" ಅಂದರೆ ಸಂತೋಷ, ಅದನ್ನೇ ಒಂದು ಸಾಲಿನಲ್ಲಿ ಬರೆಸಿ. ಮಾಡದವರಿಗೆ ಬರೆಯಲು ತೊಂದರೆ ಇರುವುದಿಲ್ಲ. ಎಲ್ಲ ಪುಟಕ್ಕೂ ಇಬ್ಬರ ಸಹಿ, ತಿದ್ದಿದ ಜಾಗದಲ್ಲಿ ಮತ್ತೊಮ್ಮೆ ಸಹಿ, ಇಬ್ಬರಿಗೂ ಒಂದೊಂದು ಪ್ರತಿ.

## ಹಂತ 3: ಕೀ ಕೈಗೆ ಬಂದ ದಿನ

ಸಾಮಾನು ಒಳಗೆ ಬರುವ ಮುಂಚೆ, ಖಾಲಿ ಮನೆಯಲ್ಲಿ, ಹಗಲು ಹೊತ್ತಲ್ಲಿ ಈ ಕೆಲಸ ಆಗಬೇಕು. ಸೋಫಾ ಬಂದ ಮೇಲೆ ಅದರ ಹಿಂದಿನ ಗೋಡೆ ಹೇಗಿತ್ತು ಅಂತ ಯಾರಿಗೂ ತೋರಿಸಲಾಗುವುದಿಲ್ಲ. ಎರಡು ಗಂಟೆ ಹಿಡಿಯುತ್ತದೆ. ಸಾಗಣೆ ಗಾಡಿಯವರು ಕೆಳಗೆ ಹಾರ್ನ್ ಹಾಕುತ್ತಿರುವಾಗ ಆಗುವ ಕೆಲಸ ಇದಲ್ಲ, ಹಿಂದಿನ ದಿನವೇ ಕೀ ತೆಗೆದುಕೊಳ್ಳಿ.

ಮೊದಲು ಮೀಟರ್. ಕರೆಂಟ್ ಮೀಟರ್, ನೀರಿನ ಮೀಟರ್ ಇದ್ದರೆ ಅದು, ಎರಡರ ರೀಡಿಂಗ್ ಫೋಟೋ ತೆಗೆಯಿರಿ. ಮೀಟರ್ ಮೇಲಿನ ಸೀರಿಯಲ್ ನಂಬರ್ ಕಾಣುವ ಹಾಗೆ. ಹಿಂದಿನವರ ಬಾಕಿ ಬಿಲ್ ನಿಮ್ಮ ತಲೆಗೆ ಬರದಿರಲು ಇದು ಬೇಕೇ ಬೇಕು.

ಆಮೇಲೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮೀಟರ್ ಹತ್ತಿರ ಹೋಗಿ ನಿಲ್ಲಿ. ಡಿಜಿಟಲ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತದೆ. ಎಷ್ಟು ಸಲ ಮಿಟುಕಿದರೆ ಒಂದು ಯೂನಿಟ್ ಅನ್ನುವುದು ಮೀಟರ್ ಮೇಲೇ ಅಚ್ಚಾಗಿರುತ್ತದೆ, 1600 ಅಥವಾ 3200 ತರಹದ ಸಂಖ್ಯೆ. ನಿಮ್ಮ ಮನೆಗೆ ಕರೆಂಟ್ ಹೋಗುತ್ತಿಲ್ಲ, ಆದರೂ ದೀಪ ಮಿಟುಕುತ್ತಲೇ ಇದೆ ಅಂದರೆ ನಿಮ್ಮ ಮೀಟರಿಂದ ಬೇರೆ ಎಲ್ಲಿಗೋ ಲೈನ್ ಹೋಗಿದೆ ಅಥವಾ ವೈರಿಂಗ್‌ನಲ್ಲಿ ದೋಷ ಇದೆ. ಮಿಟುಕದೆ ಒಂದೇ ಸಮನೆ ಉರಿಯುತ್ತಿದ್ದರೆ ಹೆದರಬೇಡಿ, ಕೆಲವು ಮೀಟರ್‌ಗಳಲ್ಲಿ ಲೋಡ್ ಇಲ್ಲದಾಗ ಹಾಗೇ ಇರುತ್ತದೆ. ನಾನಿದ್ದ ಒಂದು ಮನೆಯಲ್ಲಿ ಮೆಟ್ಟಿಲ ಲೈಟು, ನೀರೆತ್ತುವ ಮೋಟರ್ ಎರಡೂ ನನ್ನ ಮೀಟರ್ ಮೇಲೇ ಓಡುತ್ತಿದ್ದವು. ಗೊತ್ತಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಓನರ್‌ಗೂ ಗೊತ್ತಿರಲಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ, ಅವರು ಹಿಂದಿನ ಬಿಲ್ ದುಡ್ಡು ಕೊಡಲಿಲ್ಲ ಅನ್ನುವುದೂ ನಿಜ.

ನೀರು. ಎಲ್ಲ ನಲ್ಲಿ ತಿರುಗಿಸಿ ನೋಡಿ. ಸಿಂಕ್ ಕೆಳಗೆ ಟಾರ್ಚ್ ಬಿಟ್ಟು, ನೀರು ಬಿಟ್ಟುಕೊಂಡೇ ಪೈಪಿನ ಜೋಡಣೆಯನ್ನು ಕೈಯಿಂದ ಮುಟ್ಟಿ. ಆಮೇಲೆ ಎಲ್ಲ ನಲ್ಲಿ ಬಿಗಿಯಾಗಿ ಮುಚ್ಚಿ, ನೀರಿನ ಮೀಟರ್ ರೀಡಿಂಗ್ ಬರೆದುಕೊಂಡು ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ ಹತ್ತಿರ ಹತ್ತಿರ 20 ಲೀಟರ್ ಆಗುತ್ತದೆ.

ಕಮೋಡ್‌ನ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುವ ಜಾಗ. ಟ್ಯಾಂಕ್ ಮುಚ್ಚಳ ತೆಗೆದು ಅಡುಗೆ ಬಣ್ಣ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗೆ ಕಮೋಡ್ ನೀರಿಗೆ ಬಣ್ಣ ಬಂದಿದ್ದರೆ ಒಳಗಿನ ವಾಲ್ವ್ ಹೋಗಿದೆ.

ಕರೆಂಟ್. ಒಂದೊಂದು ಪ್ಲಗ್ಗಿಗೂ ಫೋನ್ ಚಾರ್ಜರ್ ಹಾಕಿ ನೋಡಿ. ಬೋರ್ಡ್ ಸುತ್ತ ಸುಟ್ಟ ಕಲೆ, ಸ್ವಿಚ್ ಹಾಕಿದಾಗ ಚಟಪಟ ಸದ್ದು, ನಲ್ಲಿ ಅಥವಾ ಗೀಸರ್ ಮುಟ್ಟಿದರೆ ಜುಮ್ ಅನ್ನುವುದು, ಇವು ಅಪಾಯದ ಗುರುತು. ಕೊನೆಯದ್ದಂತೂ ಅರ್ಥಿಂಗ್ ಸರಿ ಇಲ್ಲ ಅನ್ನುವುದರ ಸೂಚನೆ, ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೆ ಆ ಮನೆಯಲ್ಲಿ ಸ್ನಾನ ಕೂಡ ಮಾಡಬೇಡಿ. ಮೇನ್ ಬೋರ್ಡ್‌ನಲ್ಲಿ ಸೋರಿಕೆ ತಡೆಯುವ ಬ್ರೇಕರ್ ಇದ್ದರೆ ಅದಕ್ಕೊಂದು ಟೆಸ್ಟ್ ಬಟನ್ ಇರುತ್ತದೆ, ಒತ್ತಿದರೆ ತಕ್ಷಣ ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಸುಮ್ನೆ ಅಲಂಕಾರಕ್ಕೆ ಇದೆ ಅಂತ ಅರ್ಥ.

ವಿಡಿಯೋ. ಇಷ್ಟಾದ ಮೇಲೆ ಬಾಗಿಲ ಹೊರಗಿನಿಂದ ಶುರು ಮಾಡಿ, ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ. ಪ್ರತಿ ಕೋಣೆಯಲ್ಲೂ ಒಂದೇ ಕ್ರಮ ಇರಲಿ: ಬಾಗಿಲು, ನಾಲ್ಕು ಗೋಡೆ, ಮೇಲಿನ ಸೀಲಿಂಗ್, ನೆಲ, ಕಿಟಕಿ. ನಿಧಾನಕ್ಕೆ ನಡೆಯಿರಿ, ನೋಡಿದ್ದನ್ನು ಬಾಯಲ್ಲಿ ಹೇಳುತ್ತಾ ಹೋಗಿ, "ಮಲಗುವ ಕೋಣೆ, ಕಿಟಕಿ ಕೆಳಗೆ ಬಿರುಕು" ಅಂತ. ಬಿರುಕು, ಕಲೆ ಇರುವ ಜಾಗಕ್ಕೆ ಬೇರೆ ಫೋಟೋ, ಒಂದು ಹತ್ತಿರದಿಂದ, ಒಂದು ದೂರದಿಂದ. ಹತ್ತಿರದ ಫೋಟೋ ಒಂದೇ ಇದ್ದರೆ ಅದು ಯಾವ ಮನೆಯ ಗೋಡೆ ಅಂತಲೇ ಗೊತ್ತಾಗುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಈ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ತರಹ ಕಳಿಸಿ ಮೂಲ ಫೋಟೋ ಅಳಿಸಿಬಿಡುವುದು. ಹಾಗೆ ಕಳಿಸಿದಾಗ ಫೋಟೋ ಕುಗ್ಗುತ್ತದೆ, ಯಾವಾಗ ತೆಗೆದದ್ದು ಅನ್ನುವ ಮಾಹಿತಿಯೂ ಅದರೊಳಗಿಂದ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಇಮೇಲ್ ಮಾಡಿ. ನಿಮಗೂ ಒಂದು, ಎದುರಿನವರಿಗೂ ಒಂದು, ಅದೇ ದಿನ.

ಪಟ್ಟಿ. ಕೋಣೆವಾರು ಏನೇನಿದೆ, ಯಾವ ಸ್ಥಿತಿಯಲ್ಲಿದೆ ಅಂತ ಬರೆದು ಇಬ್ಬರೂ ಸಹಿ ಹಾಕಿ. ಫ್ಯಾನು ಎಷ್ಟು, ಲೈಟು ಎಷ್ಟು, ಕೀ ಎಷ್ಟು ಪ್ರತಿ. ಎಲ್ಲರೂ ಮರೆಯುವ ಒಂದು ಸಾಲು ಇದೆ, ಅದನ್ನು ಮರೆಯಬೇಡಿ: ಮನೆಗೆ ಕೊನೆಯ ಸಲ ಪೇಂಟ್ ಆದದ್ದು ಯಾವ ತಿಂಗಳು, ಯಾವ ವರ್ಷ. ಗೀಸರ್, ಅಡುಗೆಮನೆ ಚಿಮಣಿ ಇದ್ದರೆ ಅವು ಎಷ್ಟು ಹಳೆಯವು ಅನ್ನುವುದೂ ಇರಲಿ. ಆರನೇ ಹಂತದಲ್ಲಿ ಲೆಕ್ಕ ಪೂರ್ತಿ ಇದರ ಮೇಲೆ ನಿಲ್ಲುತ್ತದೆ.

ಓನರ್ ಸಹಿ ಹಾಕಲು ಬರಲಿಲ್ಲವೇ? ಪಟ್ಟಿಯನ್ನು ಇಮೇಲ್ ಮಾಡಿ, "ಏಳು ದಿನದೊಳಗೆ ತಿದ್ದುಪಡಿ ಇದ್ದರೆ ತಿಳಿಸಿ, ಇಲ್ಲದಿದ್ದರೆ ಇದೇ ಸರಿ ಅಂತ ಭಾವಿಸುತ್ತೇನೆ" ಅಂತ ಬರೆಯಿರಿ. ಸಹಿಯಷ್ಟು ಗಟ್ಟಿ ಅಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಓನರ್‌ಗಳು ಇದನ್ನು ಅನುಮಾನ ಅಂದುಕೊಳ್ಳಬೇಡಿ. ಒಂದು ಸಲ ನನ್ನ ಮನೆಯ ಅಡುಗೆಕಟ್ಟೆ ಕಲ್ಲು ಒಡೆದುಕೊಂಡು ಹೋದವರು "ಮೊದಲೇ ಒಡೆದಿತ್ತು" ಅಂದಾಗ ನನ್ನ ಹತ್ತಿರ ತೋರಿಸಲು ಒಂದು ಫೋಟೋ ಕೂಡ ಇರಲಿಲ್ಲ.

## ಹಂತ 4: ಮನೆಯಲ್ಲಿರುವಾಗ

ಬಾಡಿಗೆ ಬ್ಯಾಂಕ್ ಮೂಲಕವೇ ಹೋಗಲಿ. ಕೈಯಲ್ಲಿ ಕೊಟ್ಟರೆ ತಿಂಗಳ ಹೆಸರಿರುವ ರಸೀದಿ.

ಏನಾದರೂ ಕೆಟ್ಟರೆ ಅದೇ ದಿನ ಬರಹದಲ್ಲಿ ಹೇಳಿ. ಫೋನಿನಲ್ಲಿ ಹೇಳಿದ್ದರೂ "ಈಗ ಫೋನಿನಲ್ಲಿ ಹೇಳಿದಂತೆ ಬಚ್ಚಲ ಪೈಪ್ ಸೋರುತ್ತಿದೆ" ಅಂತ ಒಂದು ಮೆಸೇಜ್. ಸಣ್ಣ ಸೋರಿಕೆಯನ್ನು ಹೇಳದೆ ಆರು ತಿಂಗಳು ಬಿಟ್ಟು ಗೋಡೆ ಉದುರಿದರೆ, ಪೈಪ್ ಓನರ್‌ದಾದರೂ ಹೇಳದ ತಪ್ಪು ನಿಮ್ಮದಾಗುತ್ತದೆ.

ರಿಪೇರಿ ಮಾಡಿಸಲಿಲ್ಲ ಅಂತ ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ. ಬಾಡಿಗೆ ಬಾಕಿ ಅನ್ನುವುದು ಮನೆ ಬಿಡಿಸಲು ಸಿಗುವ ಅತಿ ಸುಲಭದ ಕಾರಣ, ನಿಮ್ಮ ನ್ಯಾಯದ ದೂರು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅಷ್ಟೇ ದೊಡ್ಡ ತಪ್ಪು ಓನರ್‌ಗಳದ್ದು: ಬಾಡಿಗೆ ಬರಲಿಲ್ಲ ಅಂತ ನೀರು, ಕರೆಂಟ್ ಕಟ್ ಮಾಡುವುದು, ಬೀಗ ಬದಲಿಸುವುದು. ಇದನ್ನು ಬಹುತೇಕ ಕಡೆ ಕಾನೂನು ಒಪ್ಪುವುದಿಲ್ಲ. ಬಾಕಿ ಇಟ್ಟವರು ಅವರು, ಕೋರ್ಟಿನಲ್ಲಿ ಉತ್ತರ ಕೊಡುವವರು ನೀವು ಅನ್ನುವಂತಾಗುತ್ತದೆ.

ಈಗ ಬೂಷ್ಟಿನ ವಿಷಯ, ಇದಕ್ಕೆ ಎಷ್ಟು ಜಗಳ ಅಂತೀರಿ. "ನೀವು ಕಿಟಕಿ ತೆಗೆಯಲ್ಲ, ಬಟ್ಟೆ ಒಳಗೆ ಒಣಗಿಸ್ತೀರಿ, ಅದಕ್ಕೇ ಗೋಡೆ ಕಪ್ಪಾಗಿದೆ" ಅಂತ ಓನರ್. "ನಿಮ್ಮ ಗೋಡೆಯೇ ಜಿನುಗುತ್ತಿದೆ" ಅಂತ ಬಾಡಿಗೆದಾರರು. ಎರಡೂ ಸಾಧ್ಯ. ತಿಳಿಯಲು ಪ್ಲಾಸ್ಟಿಕ್ ಹಾಳೆ ಸಾಕು. ಕಪ್ಪಾದ ಜಾಗ ಒರೆಸಿ ಒಣಗಿಸಿ, ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಕಡೆ ಗಾಳಿ ಹೋಗದಂತೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಡಿ. ನೀರಿನ ಪಸೆ ಹಾಳೆಯ ಹಿಂದೆ, ಗೋಡೆಯ ಕಡೆ ಕೂತಿದ್ದರೆ ಅದು ಗೋಡೆಯೊಳಗಿಂದ ಬರುತ್ತಿದೆ. ಹಾಳೆಯ ಮೇಲೆ, ಕೋಣೆಯ ಕಡೆ ಕೂತಿದ್ದರೆ ಒಳಗಿನ ಗಾಳಿಯ ತೇವ.

ಕಲೆಯ ಆಕಾರವೂ ಸುಳಿವು ಕೊಡುತ್ತದೆ. ಬಿಳಿ ಉಪ್ಪಿನ ಪುಡಿ, ಉಬ್ಬಿ ಸುಲಿದ ಪೇಂಟ್, ಕಂದು ಅಂಚಿನ ಕಲೆ, ಮೇಲೊಂದು ಬಚ್ಚಲುಮನೆ ಇದ್ದರೆ ಸೋರಿಕೆ. ಬೀರು ಹಿಂದೆ, ಮೂಲೆಯಲ್ಲಿ, ಕಿಟಕಿ ಸುತ್ತ ಕಪ್ಪು ಚುಕ್ಕಿಗಳಷ್ಟೇ ಇದ್ದರೆ ಗಾಳಿ ಆಡುತ್ತಿಲ್ಲ. ಒಳಗಿನ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿದ್ದರೆ ಬೂಷ್ಟು ಅಷ್ಟು ಸುಲಭಕ್ಕೆ ಬೆಳೆಯುವುದಿಲ್ಲ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದರೂ ವ್ಯತ್ಯಾಸ ಕಾಣುತ್ತದೆ.

## ಹಂತ 5: ನೋಟಿಸ್

"ಸರ್, ಮುಂದಿನ ತಿಂಗಳು ಬಿಡಬಹುದು ಅನ್ಸುತ್ತೆ" ಅನ್ನುವುದು ನೋಟಿಸ್ ಅಲ್ಲ. ಇಂದಿನ ತಾರೀಖು, ಖಾಲಿ ಮಾಡುವ ತಾರೀಖು, ಕರಾರಿನ ಯಾವ ಷರತ್ತಿನಂತೆ ಅನ್ನುವುದು, ಅಡ್ವಾನ್ಸ್ ಯಾವ ಖಾತೆಗೆ ಬರಬೇಕು ಅನ್ನುವುದು, ಇಷ್ಟು ಬರೆದು ಕಳಿಸಿ. ತಲುಪಿದೆ ಅಂತ ಉತ್ತರ ತೆಗೆದುಕೊಳ್ಳಿ.

ನೋಟಿಸ್ ಕೊಟ್ಟ ಮೇಲೆ "ಕೊನೆಯ ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ" ಅನ್ನುವವರು ಬಹಳ. ಓನರ್ ಬರಹದಲ್ಲಿ ಒಪ್ಪಿದರೆ ಸರಿ. ಒಪ್ಪದೆ ನೀವೇ ನಿಲ್ಲಿಸಿದರೆ ಲೆಕ್ಕದಲ್ಲಿ ನೀವು ಬಾಕಿದಾರರು.

## ಹಂತ 6: ಜೊತೆಯಾಗಿ ನೋಡುವುದು, ಲೆಕ್ಕ ಹಾಕುವುದು

ಖಾಲಿ ಮಾಡುವ ಹತ್ತು ದಿನ ಮುಂಚೆ ಒಂದು ಸಲ ಇಬ್ಬರೂ ಕೂಡಿ ಮನೆ ನೋಡಿ, ಕೈಯಲ್ಲಿ ಹಳೇ ಪಟ್ಟಿ ಇಟ್ಟುಕೊಂಡು. ಏನು ಸರಿ ಮಾಡಬೇಕು ಅಂತ ಆಗಲೇ ಗೊತ್ತಾದರೆ ನಿಮ್ಮ ಕಡೆಯ ಪ್ಲಂಬರ್ ಕರೆಸಿ ಕಡಿಮೆಗೆ ಮುಗಿಸಬಹುದು.

ಸವೆದದ್ದು ಬೇರೆ, ಹಾಳು ಮಾಡಿದ್ದು ಬೇರೆ. ಬಿಸಿಲಿಗೆ ಮಾಸಿದ ಬಣ್ಣ, ಓಡಾಡಿ ಸವೆದ ನೆಲ, ಸಡಿಲವಾದ ಚಿಲಕ, ಗಡಸು ನೀರಿಗೆ ಹೋದ ಗೀಸರ್ ಕಾಯಿಲ್, ಕ್ಯಾಲೆಂಡರ್ ಮೊಳೆಯ ತೂತು ಸವಕಳಿ. ಒಡೆದ ಗಾಜು, ಡ್ರಿಲ್ ಮಾಡಿ ಕಿತ್ತ ದೊಡ್ಡ ತೂತು, ಸುಟ್ಟ ಕಟ್ಟೆ, ಮಕ್ಕಳು ಗೋಡೆ ತುಂಬ ಗೀಚಿದ್ದು ಹಾನಿ. ಸವಕಳಿಗೆ ಬಾಡಿಗೆ ಆಗಲೇ ಕೊಟ್ಟಾಗಿದೆ. ಹಾನಿಗೆ ಮಾತ್ರ ಮುರಿದುಕೊಳ್ಳಬೇಕು.

ಹಾನಿಗೂ ಹೊಸದರ ಪೂರ್ತಿ ಬೆಲೆ ಹಿಡಿಯುವುದು ನ್ಯಾಯವಲ್ಲ. ಪೇಂಟ್ ಐದು ವರ್ಷ ಬಾಳುತ್ತದೆ ಅಂತ ಇಬ್ಬರೂ ಒಪ್ಪಿದಿರಿ ಅಂತಿಟ್ಟುಕೊಳ್ಳಿ. ಗೀಚಿದ ಗೋಡೆಯ ಪೇಂಟ್‌ಗೆ ಈಗ ಮೂರು ವರ್ಷ. ಉಳಿದದ್ದು ಎರಡು ವರ್ಷ, ಅಂದರೆ ಐದರಲ್ಲಿ ಎರಡು ಪಾಲು. ಆ ಗೋಡೆಯ ಪೇಂಟಿಂಗ್ ಖರ್ಚಿನ ಶೇಕಡಾ 40 ಬಾಡಿಗೆದಾರರದ್ದು, ಉಳಿದ 60 ಓನರ್‌ದು. ಇಡೀ ಮನೆಯದ್ದಲ್ಲ, ಆ ಗೋಡೆಯದ್ದು ಅಥವಾ ಬಣ್ಣ ಹೊಂದಲೇಬೇಕಾದರೆ ಆ ಕೋಣೆಯದ್ದು. ಐದು ವರ್ಷ ದಾಟಿದ್ದರೆ ಪೇಂಟಿಗೆ ಏನೂ ಇಲ್ಲ. ಪೇಂಟ್ ಯಾವ ತಿಂಗಳು ಆದದ್ದು ಅಂತ ಬರೆಸಿ ಅಂದದ್ದು ಇದಕ್ಕೇ.

ಎಚ್ಚರಿಕೆಯ ಗುರುತು: "ಕ್ಲೀನಿಂಗ್, ಪೇಂಟಿಂಗ್, ಇತರೆ" ಅಂತ ಒಂದೇ ಸಾಲಿನಲ್ಲಿ ಉಂಡೆ ಮೊತ್ತ. ಬಿಡಿಸಿ ಕೇಳಿ, ಬಿಲ್ ಕೇಳಿ.

## ಹಂತ 7: ಕೀ ಕೊಡುವುದು, ದುಡ್ಡು ತೆಗೆದುಕೊಳ್ಳುವುದು

ಮನೆ ಖಾಲಿಯಾಗಿ ಗುಡಿಸಿದ ಮೇಲೆ, ಮೊದಲ ದಿನ ತೆಗೆದ ಕ್ರಮದಲ್ಲೇ ಮತ್ತೊಂದು ವಿಡಿಯೋ, ಮತ್ತೆ ಮೀಟರ್ ಫೋಟೋ. ಕೊನೆಯ ಬಿಲ್ ಇನ್ನೂ ಬಂದಿಲ್ಲದಿದ್ದರೆ ಹಿಂದಿನ ಮೂರು ತಿಂಗಳ ಸರಾಸರಿಯಷ್ಟು ಮಾತ್ರ ತಡೆಹಿಡಿದು ಉಳಿದದ್ದನ್ನು ಕೊಟ್ಟುಬಿಡಬಹುದು. ಓನರ್‌ಗಳು ಅಷ್ಟಕ್ಕಾಗಿ ಪೂರ್ತಿ ಅಡ್ವಾನ್ಸ್ ಹಿಡಿದಿಟ್ಟುಕೊಳ್ಳುವುದು ಬೇಡ.

ಇಂತಿಷ್ಟು ಕೀ, ಇಂಥ ದಿನ, ಇಷ್ಟು ಗಂಟೆಗೆ ವಾಪಸ್ ಬಂತು ಅಂತ ಒಂದು ಚೀಟಿ ಬರೆಸಿಕೊಳ್ಳಿ. ಇದಿಲ್ಲದೆ ಎಷ್ಟೋ ಜನ ಖಾಲಿ ಮಾಡಿದ ಮೇಲೂ ಇನ್ನೊಂದು ತಿಂಗಳ ಬಾಡಿಗೆ ಕಟ್ಟಿದ್ದಾರೆ.

ಹೇಳಿದ ದಿನಕ್ಕೆ ದುಡ್ಡು ಬರದಿದ್ದರೆ ದಿನಾ ಫೋನ್ ಮಾಡಿ ಜಗಳವಾಡುವುದರಿಂದ ಪ್ರಯೋಜನವಿಲ್ಲ. ಒಂದೇ ಪತ್ರ: ಕರಾರಿನ ತಾರೀಖು, ಕೊಟ್ಟ ಅಡ್ವಾನ್ಸ್, ಕೀ ಕೊಟ್ಟ ದಿನ, ಒಪ್ಪಿದ ಕಡಿತ, ಬರಬೇಕಾದ ಬಾಕಿ, ಹದಿನೈದು ದಿನದ ಗಡುವು. ಜೊತೆಗೆ ಮೊದಲ ದಿನದ ಪಟ್ಟಿಯ ಪ್ರತಿ. ತಲುಪಿದ್ದಕ್ಕೆ ರಸೀದಿ ಸಿಗುವ ಅಂಚೆಯಲ್ಲಿ ಕಳಿಸಿ. ಗಡುವು ದಾಟಿದರೆ ಇದೇ ಕಟ್ಟನ್ನು ಹಿಡಿದುಕೊಂಡು ನಿಮ್ಮ ಕಡೆ ಬಾಡಿಗೆ ತಕರಾರು ನೋಡುವವರ ಹತ್ತಿರ ಹೋಗಬಹುದು. ಆದರೆ ಮೊದಲ ದಿನದ ಪಟ್ಟಿ ಲಗತ್ತಾಗಿ ಬಂದ ಪತ್ರ ನೋಡಿದ ಮೇಲೆ ಬಹಳ ಓನರ್‌ಗಳು ಅಲ್ಲಿಯವರೆಗೆ ಎಳೆಯುವುದಿಲ್ಲ. ನಾನೂ ಎಳೆಯಲಿಲ್ಲ, ನನಗೂ ಒಂದು ಸಲ ಅಂಥ ಪತ್ರ ಬಂದಿತ್ತು.